ಏರು ಹತ್ತದ ಜೀಪು

ಫೆಬ್ರವರಿ ೪, ಮಂಗಳವಾರ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಯಾರನ್ನು ಎಂದು ಗೊತ್ತಿಲ್ಲ. ವಸತಿ ಶಾಲೆಯಲ್ಲಿ ಆರನೇ ತರಗತಿಯಿಂದ ದಿನಾ ಡೈರಿ ಬರೆಯಲೇಬೇಕಿತ್ತು, ಅದೂ ಇಂಗ್ಲಿಷಿನಲ್ಲಿ. ವಾರ್ಡನ್ ಮೇಡಂ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಬೇಗ ಎದ್ದೆ, ಹಲ್ಲುಜ್ಜಿದೆ, ಪ್ರಾರ್ಥನೆ ಮಾಡಿದೆ, ಸಂತೋಷವಾಗಿದ್ದೆ. ಒಮ್ಮೆ ಸಂತೋಷವಾಗಿಲ್ಲ ಎಂದು ಬರೆದಿದ್ದಕ್ಕೆ ಕರೆದು ವಿಚಾರಣೆ ಮಾಡಿದ್ದರು. ಆಮೇಲೆ ಯಾವತ್ತೂ ಸಂತೋಷವಾಗಿಯೇ ಇದ್ದೆ. ಈಗ ಯಾರೂ ಓದದ ಕಡೆ, ಕನ್ನಡದಲ್ಲಿ, ವರ್ಕ್‌ಶಾಪ್ ರೆಕಾರ್ಡಿನ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುವುದು ಕದ್ದು ತಿಂದ ಹಾಗೆ ಅನಿಸುತ್ತಿದೆ. ಒತ್ತಕ್ಷರ ತಪ್ಪಿದ್ದರೂ ಸಾರಿ.

ಇಂಜಿನಿಯರಿಂಗ್ ಫಸ್ಟ್ ಸೆಮ್ ಪರೀಕ್ಷೆ ಮುಗಿಸಿ ಬಳ್ಳಾರಿಯಿಂದ ಇವತ್ತು ಬಂದೆ. ಪಾಪಿನಾಯಕನಹಳ್ಳಿ ಸ್ಟಾಪಿನಲ್ಲಿ ಇಳಿದು ಮನೆಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಮಂಗಳವಾರ ಮಧ್ಯಾಹ್ನ! ಖಾಕಿ ಅಂಗಿ ಇತ್ತು, ಕೊರಳಲ್ಲಿ ಗಣಿಯ ಗೇಟ್ ಪಾಸ್ ಇತ್ತು. ಜೀಪು ಇರಲಿಲ್ಲ.

“ರಜೆಯೇನಪ್ಪ?” ಎಂದೆ.

“ಹೂಂ, ರಜಾ. ನಿನಗೊಬ್ಬಾಕಿಗೇ ರಜಾ ಇರಬೇಕೇನು?”

ಅವ್ವ ಒಳಗೆ ಕರೆದು ಹೇಳಿದಳು. ನಾನು ಹಾಸ್ಟೆಲ್ ಸೇರುವ ಮೊದಲಿನಿಂದಲೂ ಅಪ್ಪ ಓಡಿಸುತ್ತಿರುವುದು ಕಂಪ್ಲಿಯ ತೋಟಪ್ಪ ಸಾವ್ಕಾರರ ಜೀಪು. ಅವರದು ಅಕ್ಕಿ ಗಿರಣಿ. ಜೊತೆಗೆ ಗಣಿ ಕಾಂಟ್ರ್ಯಾಕ್ಟರೊಬ್ಬರಿಗೆ ಗಾಡಿ ಬಾಡಿಗೆ. ಬೆಳಿಗ್ಗೆ ಹೊಸಪೇಟೆಯಿಂದ ಸೂಪರ್‌ವೈಸರ್‌ಗಳನ್ನು ದೋಣಿಮಲೈ ಗುಡ್ಡಕ್ಕೆ ಒಯ್ಯುವುದು, ಸಂಜೆ ಇಳಿಸಿ ತರುವುದು. ಹೋದ ವಾರ ಸೋಮವಾರ ಜೀಪು ಏರು ಹತ್ತಲಿಲ್ಲವಂತೆ. ಸಾಹೇಬರುಗಳು ಇಳಿದು ನಡೆದರು, ಶಿಫ್ಟಿಗೆ ತಡವಾಯಿತು, ಕಂಪ್ಲೇಂಟ್ ಹೋಯಿತು. ಮೆಕ್ಯಾನಿಕ್ ಗಾದಿಲಿಂಗಪ್ಪ ಬಾನೆಟ್ ಎತ್ತಿ, ಏರ್ ಫಿಲ್ಟರ್ ತೆಗೆದು, ಎಲ್ಲರೆದುರು ನೆಲಕ್ಕೆ ಬಡಿದು ತೋರಿಸಿದನಂತೆ. ಕೆಂಪು ಧೂಳು. ಫಿಲ್ಟರ್ ಊದಿ ಸ್ವಚ್ಛ ಇಡುವುದು ಡ್ರೈವರನ ಕೆಲಸ. ಸಾವ್ಕಾರರು, ಗಾಡಿ ರೆಡಿಯಾಗುವ ತನಕ ಮನೆಯಲ್ಲಿರು ಎಂದಿದ್ದಾರೆ.

ಪಾಸ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಸಾವ್ಕಾರರು ಸಹಿ ಹಾಕಿದರೆ ಹೊಸದು. ಹಾಕದಿದ್ದರೆ ಅಪ್ಪನಿಗೆ ಗಣಿಯ ಗೇಟೇ ಇಲ್ಲ.

“ಧೂಳು ಅಂದಾರ, ಅಷ್ಟ. ಎಂಟ್ಹತ್ತು ದಿನ ಕುಂತು ಮತ್ತ ಹೋಗ್ತಾನ. ನೀ ಮಾರಿ ಸಣ್ಣ ಮಾಡಬ್ಯಾಡ,” ಎಂದಳು ಅವ್ವ.

ಬ್ಯಾಗಿನಿಂದ ರೆಕಾರ್ಡ್ ಪುಸ್ತಕವೊಂದನ್ನೇ ತೆಗೆದು ಬರೆಯಲು ಕೂತೆ.

ಫೆಬ್ರವರಿ ೫, ಬುಧವಾರ

ಅಪ್ಪನನ್ನು ಕೂರಿಸಿಕೊಂಡು ಕೇಳಿದೆ. ಲ್ಯಾಬಿನಲ್ಲಿ ನಮ್ಮನ್ನು ಕೇಳುವ ಹಾಗೆಯೇ.

“ಸ್ಟಾರ್ಟ್ ಆಗುತ್ತಾ?”

“ಒಂದ ಸೆಲ್ಫ್ ಹೊಡದ್ರ ಸಾಕು.”

“ನಿಂತಲ್ಲೇ ಓಡುವಾಗ?”

“ಬೆಕ್ಕು ಮಕ್ಕೊಂಡು ಗುರ್ ಅಂದಂಗ. ಆಕ್ಸಿಲೇಟರ್ ತುಳದ್ರ ಮಾತ್ರ ಮ್ಯಾಲೇಳಂಗಿಲ್ಲ. ಬಾಯಾಗ ಅರಿಬಿ ತುರುಕಿ ಓಡು ಅಂದಂಗ ಒದ್ದಾಡತೈತಿ. ಸಪಾಟ ರಸ್ತ್ಯಾಗ ಹೆಂಗೋ ಹೋಕ್ಕೈತಿ. ಏರು ಬಂತಂದ್ರ ಸೆಕೆಂಡೂ ಇಲ್ಲ, ಫಸ್ಟೂ ಇಲ್ಲ. ಕಾಲಬುಡಕ ಕಾವು ಬ್ಯಾರೆ.”

“ಹೊಸ ಫಿಲ್ಟರ್ ಹಾಕಿದ ಮೇಲೆ?”

“ಹಂಗ ಐತಿ.” ಆಮೇಲೆ ಒಮ್ಮೆಲೇ ದನಿ ಏರಿತು. “ಚಾ ಕುಡೀದಿದ್ರೂ ಮುಂಜಾನೆ ಎದ್ದು ಫಿಲ್ಟರ್ ಊದೀನಿ! ಜ್ವರ ಬಂದಾಗೂ ಊದೀನಿ. ನನ್ನ ಗಾಡ್ಯಾಗ ಧೂಳಂತಾರ, ಸೂಳೆಮಕ್ಳು.”

ಎಂಜಿನ್ನಿಗೆ ಉಸಿರು ಒಳಗೆ ಹೋಗಲು ಒಂದು ದಾರಿ, ಹೊರಗೆ ಬರಲು ಒಂದು ದಾರಿ. ಒಳಗಿನ ದಾರಿಗೆ ಹೊಸ ಫಿಲ್ಟರ್ ಹಾಕಿದರೂ ಸರಿಹೋಗಿಲ್ಲ. ಕಾಲಬುಡಕ್ಕೆ ಕಾವು ಹತ್ತುತ್ತಿದೆ. ಹಾಗಾದರೆ ಹೊರಗಿನ ದಾರಿ ಕಟ್ಟಿದೆ. ಬ್ಯಾಕ್ ಪ್ರೆಷರ್. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಜಾಗವೆಲ್ಲಿ?

ಅಪ್ಪನಿಗೆ ಹೇಳಲಿಲ್ಲ. ತಪ್ಪಾಗಿದ್ದರೆ? ಕಾಲೇಜಿನಲ್ಲಿ ಯಾರಾದರೂ ಅಪ್ಪ ಏನು ಮಾಡ್ತಾರೆ ಎಂದರೆ ‘ಟ್ರಾನ್ಸ್‌ಪೋರ್ಟ್’ ಎನ್ನುತ್ತೇನೆ. ಅಪ್ಪನ ಮುಂದೆ ಈಗ ಬ್ಯಾಕ್ ಪ್ರೆಷರ್ ಎನ್ನಲು ಯಾವ ಮುಖ?

ಫೆಬ್ರವರಿ ೭, ಶುಕ್ರವಾರ

ಅಪ್ಪನ ಜೊತೆ ಗ್ಯಾರೇಜಿಗೆ ಹೋದೆ. ಕಡ್ಡಿರಾಂಪುರದ ರಸ್ತೆಯ ಮೇಲಿದೆ, ಪಕ್ಕದಲ್ಲಿ ಚಹಾದಂಗಡಿ. ಗಾದಿಲಿಂಗಪ್ಪ ಟೈರಿನ ಮೇಲೆ ಕೂತಿದ್ದವನು ಏಳಲಿಲ್ಲ.

“ಬರ್ರಿ ಇಂಜಿನಿಯರಮ್ಮ, ಕುಂದ್ರಿ. ನಮ್ಮಲ್ಲಿ ಏಸಿ ಇಲ್ಲ ನೋಡ್ರಿ.”

“ಗಾಡಿ ಒಂದ್ಸಲ ನೋಡಬಹುದಾ ಅಂಕಲ್?”

“ನೋಡಾಕ ಏನು, ಸೆಲ್ಫೀನೂ ತಗೋರಿ. ಫಿಲ್ಟರ್ ಆತು, ಇನ್ನ ಡೀಸೆಲ್ ಪಂಪು ಬಿಚ್ಚಿ ಇಳಸ್ತೀನಿ. ಧೂಳು ಎಲ್ಲಿಗೆ ಹೊಕ್ಕೈತೋ ಯಾರಿಗ್ಗೊತ್ತು.”

ಮಲಗಿ ಜೀಪಿನ ಕೆಳಗೆ ನೋಡಿದೆ. ಚಹಾದಂಗಡಿಯವರು ನಗುತ್ತಿದ್ದುದು ಕೇಳುತ್ತಿತ್ತು, ದುಪಟ್ಟಾ ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂಬ ಹೆದರಿಕೆ ಬೇರೆ. ಕೆಳಗಿನದೆಲ್ಲ ಅದಿರಿನ ಕೆಂಪು. ಆಕ್ಸಲ್, ಗೇರ್‌ಬಾಕ್ಸ್, ಬೋಲ್ಟುಗಳು, ಎಲ್ಲ. ಒಂದೇ ಒಂದು ವಸ್ತು ಕಪ್ಪಗೆ ಹೊಳೆಯುತ್ತಿತ್ತು: ಸೈಲೆನ್ಸರಿಗಿಂತ ಮುಂದೆ, ಪೈಪಿನ ನಡುವೆ ಇರುವ ಉದ್ದನೆಯ ಡಬ್ಬಿ. ಅದರೊಳಗೆ ಜೇನುಗೂಡಿನಂಥ ಪಿಂಗಾಣಿ ಇರುತ್ತದೆ. ಹೊಗೆಯೆಲ್ಲ ಅದರ ಸಣ್ಣ ಸಣ್ಣ ತೂತುಗಳನ್ನು ದಾಟಿಯೇ ಹೊರಗೆ ಬರಬೇಕು. ಡಬ್ಬಿಯ ಹೊಟ್ಟೆ ಒಳಗೆ ಹೋಗಿತ್ತು, ಯಾರೋ ಸುತ್ತಿಗೆಯಿಂದ ಹೊರಗೆ ಎಬ್ಬಿಸಿ ಬಣ್ಣ ಹೊಡೆದಿದ್ದರು. ಗೆಣ್ಣಿನಿಂದ ತಟ್ಟಿದೆ. ಒಳಗೆ ಒಡೆದ ಕಪ್ಪು-ಬಸಿಯ ಸದ್ದು.

ಅಪ್ಪನಿಗೆ ಸ್ಟಾರ್ಟ್ ಮಾಡಿ ತುಳಿ ಎಂದೆ. ಹಿಂದಿನ ಕೊಳವೆಗೆ ಅಂಗೈ ಹಿಡಿದೆ. ಪಕ್ಕದಲ್ಲಿ ರಿಪೇರಿಗೆ ಬಂದಿದ್ದ ಇನ್ನೊಂದು ಜೀಪಿಗೂ ಹಿಡಿದೆ. ಅದು ಕೈಯನ್ನು ತಳ್ಳಿತು. ನಮ್ಮದು ಜ್ವರದವರು ಉಸಿರುಬಿಟ್ಟ ಹಾಗೆ, ಬರೀ ಬೆಚ್ಚಗೆ.

ಗೊತ್ತಾಯಿತು. ಗೊತ್ತಾದ ಮೇಲೆ ಇನ್ನೂ ಹೆದರಿಕೆ. ಏನೂ ಹೇಳದೆ ಬಂದೆ.

ಫೆಬ್ರವರಿ ೮, ಶನಿವಾರ

ಫೋನಿನಲ್ಲಿ ಒಂದು ರೀಲ್ ಸಿಕ್ಕಿತು. ಹುಡುಕಿದ್ದಲ್ಲ, ತಾನೇ ಬಂತು.

ಸಾವ್ಕಾರರ ಮಗ ಶಂಭುಲಿಂಗ ಹಾಕಿದ್ದು, ಜನವರಿ ೨೬ರ ಸಂಜೆ. ಸಂಡೂರಿನ ಗುಡ್ಡ, ಕಲ್ಲಿನ ಜಾಡು, ನಮ್ಮ ಜೀಪು. ಸ್ನೇಹಿತರು ಕೇಕೆ ಹಾಕುತ್ತಾರೆ. ಜೀಪು ಬಂಡೆ ಹತ್ತುತ್ತದೆ, ಜಾರುತ್ತದೆ, ಹೊಟ್ಟೆಯ ಮೇಲೆ ಕೂರುತ್ತದೆ. ಧಡ್! ಆಮೇಲೆ ಅವನದೇ ದನಿ: “ಏ ಏನಾಗಲ್ಲ ಬಿಡ್ರಲೇ, ಅಪ್ಪನ ಗಾಡಿ!”

ಮರುದಿನ ಸೋಮವಾರ. ಆವತ್ತೇ ಅಪ್ಪ ಏರಿನಲ್ಲಿ ನಿಂತದ್ದು.

ಎಷ್ಟು ಸಲ ನೋಡಿದೆನೋ. ಧಡ್ ಬಂದಾಗಲೆಲ್ಲ ಖುಷಿಯಾಗುತ್ತಿತ್ತು. ಸಾರಿ, ಆದರೆ ಖುಷಿಯೇ.

ಫೆಬ್ರವರಿ ೯, ಭಾನುವಾರ

ಹೇಳಿದೆ. ರೀಲ್ ತೋರಿಸಿದೆ. ಅಪ್ಪ ಫೋನನ್ನು ದೂರ ಹಿಡಿದು ನೋಡಿದ.

“ಆವತ್ತು ಕೀಲಿ ಇಸ್ಕೊಂಡು ಹೋಗಿದ್ದ. ಹಂಪಿಗೆ ದೇವರಿಗೆ ಹೋಗ್ತೀನಿ ಅಂದಿದ್ದ ನಾಯಿಮಗ.” ಆಮೇಲೆ ಮೆಲ್ಲಗೆ, “ನಾ ಊದಿದ್ದು ಸರಿ ಇತ್ತು ಹಂಗಾದ್ರ.”

“ಸರಿ ಇತ್ತು. ಫಿಲ್ಟರಿಗೂ ಇದಕ್ಕೂ ಸಂಬಂಧ ಇಲ್ಲ. ಪೈಪಿನ ಜಾಯಿಂಟ್ ಬಿಚ್ಚಿದರೆ ಎಲ್ಲರೆದುರು ಪ್ರೂವ್ ಆಗುತ್ತೆ.”

ಅವ್ವ ರೊಟ್ಟಿ ಬಡಿಯುತ್ತಿದ್ದಳು. “ಯಾರೆದುರು?” ಎಂದಳು. “ನಿಮ್ಮಿಬ್ಬರ ಕೈ ಮುಗೀತೀನಿ. ಅವರು ಧೂಳು ಅಂದಾರ, ನೀವೂ ಧೂಳು ಅನ್ರಿ. ಧೂಳಂದ್ರ ಯಾರ ಹೆಸರೂ ಬರಂಗಿಲ್ಲ.”

“ನನ್ನ ಹೆಸರು ಬಂದೈತಲ್ಲಲೇ ಹೊಳೆಮ್ಮ!” ಎಂದ ಅಪ್ಪ. “ಫಿಲ್ಟರ್ ನೋಡ್ಕೊಳ್ದ ಡ್ರೈವರ್ ಅಂತ. ಮಂದಿ ಮುಂದ ಬಡದು ತೋರ್ಸ್ಯಾನ.”

“ಬಡೀಲಿ ಬಿಡು. ಧೂಳು ಝಾಡಿಸಿದ್ರ ಹೊಕ್ಕೈತಿ.”

ಅವ್ವನಿಗೆ ಎಂಜಿನ್ ಗೊತ್ತಿಲ್ಲ. ಅಪ್ಪ ನನ್ನ ಕಡೆ ನೋಡಿದ. ಅಪ್ಪ ನನ್ನನ್ನು ಹಾಗೆ ನೋಡಿದ್ದು ಇದೇ ಮೊದಲು. ಸಮಾನರನ್ನು ನೋಡುವ ಹಾಗೆ.

ಫೆಬ್ರವರಿ ೧೧, ಮಂಗಳವಾರ

ಎಲ್ಲ ಬರೆಯುತ್ತೇನೆ, ಒಂದೂ ಬಿಡುವುದಿಲ್ಲ.

ಬೆಳಿಗ್ಗೆ ಗ್ಯಾರೇಜಿಗೆ ಹೋದಾಗ ಗಾದಿಲಿಂಗಪ್ಪ ಪಂಪು ಇಳಿಸಲು ಪಾನಾ ಹಿಡಿದಿದ್ದ. ಖರ್ಚು ಒಪ್ಪಿಸಲು ತೋಟಪ್ಪ ಸಾವ್ಕಾರರನ್ನೂ ಕರೆಸಿದ್ದ. ಬಿಳಿ ಅಂಗಿ, ಹಣೆಗೆ ವಿಭೂತಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಹಾ. ಹಿಂದೆ ಶಂಭುಲಿಂಗ, ಕಪ್ಪು ಕನ್ನಡಕ ಹಾಕಿಕೊಂಡು.

ಅಪ್ಪ ಕೈಕಟ್ಟಿ ನಿಂತ. “ಸಾವ್ಕಾರ್ರ, ಪಂಪು ಇಳಸಾಕಿಂತ ಮೊದಲು ನನ್ನ ಮಗಳದೊಂದು ಮಾತೈತಿ.”

“ಹೇಳವ್ವ,” ಎಂದರು. ಒಳ್ಳೆಯ ದನಿಯಲ್ಲೇ.

ನಾನು ಹೇಳಿದೆ. ಮೊದಲ ವಾಕ್ಯ ಇಂಗ್ಲಿಷಿನಲ್ಲಿ ಬಂದುಬಿಟ್ಟಿತು. ಗಾದಿಲಿಂಗಪ್ಪ ನಕ್ಕ. “ಸೈಲೆನ್ಸರ್ ಕಟ್ಟಿದ್ರ ಗಾಡಿ ಸ್ಟಾರ್ಟ್ ಆಗಂಗಿಲ್ಲವ್ವ. ಬುಕ್ಕಿನ್ಯಾಗ ಬರದಿಲ್ಲೇನು?”

“ಪೂರ್ತಿ ಕಟ್ಟಿಲ್ಲ ಅಂಕಲ್, ಮುಕ್ಕಾಲು. ಅದಕ್ಕೇ ನಿಂತಲ್ಲಿ ಸರಿಯಾಗಿ ಓಡುತ್ತೆ, ಏರು ಹತ್ತಲ್ಲ. ಜಾಯಿಂಟ್ ಬಿಚ್ಚಿ ನೋಡಿ. ನನ್ನ ಮಾತು ತಪ್ಪಾಗಿದ್ದರೆ ನೀವು ಪಂಪು ಇಳಿಸಿ.”

ಅವನು ಬಿಚ್ಚಲಿಲ್ಲ. ಅಪ್ಪನೇ ಕೆಳಗೆ ಹೋದ. ನಾನು ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿದೆ. ನಟ್ಟುಗಳು ತುಕ್ಕು ಹಿಡಿದಿದ್ದವು, ಎಣ್ಣೆ ಬಿಟ್ಟು ಕಾದೆವು. ಒಂದು ಬಂತು. ಒಂದು ತುಂಡಾಯಿತು. ಡಬ್ಬಿಯ ಮುಂದಿನ ಪೈಪು ಎರಡು ಬೆರಳು ಕೆಳಗೆ ಜಾರಿತು, ಹೊಗೆಗೆ ಅಲ್ಲೇ ದಾರಿಯಾಯಿತು.

ಅಪ್ಪ ಹತ್ತಿ ಕೀಲಿ ತಿರುಗಿಸಿದ. ಆ ಸದ್ದು! ಗರ್ಜನೆ. ಚಹಾದಂಗಡಿಯವರು ಲೋಟ ಹಿಡಿದೇ ಓಡಿಬಂದರು. ಅಪ್ಪ ತುಳಿದ, ಎಂಜಿನ್ ಏರಿತು, ಇನ್ನೂ ಏರಿತು, ಎಲ್ಲೂ ಉಸಿರು ಕಟ್ಟಲಿಲ್ಲ. ಗ್ಯಾರೇಜಿನ ಹಿಂದೆ ಕಾಲುವೆಯ ಏರಿ ಇದೆ, ನೆಟ್ಟಗೆ. ಅಪ್ಪ ಯಾರನ್ನೂ ಕೇಳದೆ ಅದಕ್ಕೆ ಬಿಟ್ಟ. ಥರ್ಡ್ ಗೇರಿನಲ್ಲಿ ಹತ್ತಿ, ಮೇಲೆ ನಿಂತು ಹಾರ್ನ್ ಹೊಡೆದ.

ಇಳಿದು ಬಂದ ಮೇಲೆ ಡಬ್ಬಿ ಬಿಚ್ಚಿ ತಲೆಕೆಳಗೆ ಮಾಡಿದೆವು. ಮಸಿ ಹಿಡಿದ ಪಿಂಗಾಣಿ ಚೂರುಗಳು ಬುಳಬುಳ ಬಿದ್ದವು. ಗಾದಿಲಿಂಗಪ್ಪ ಒಂದನ್ನೆತ್ತಿ ನೋಡಿ ಒರೆಸಿ ಕೆಳಗಿಟ್ಟ.

“ಒಡದದ್ದು ಹೆಂಗ?” ಎಂದರು ಸಾವ್ಕಾರರು.

ಶಂಭುಲಿಂಗ ಮುಂದೆ ಬಂದ. “ಹೆಂಗಂದ್ರ? ಗಾಡಿ ಯಾರ ಕೈಯಾಗ ಇರತೈತಿ? ಎಲ್ಲೋ ಕಲ್ಲಿಗೆ ಗುದ್ಸ್ಯಾನ, ಗುದ್ಸಿ ಬಣ್ಣ ಬಳದಾನ. ಫಿಲ್ಟರೂ ನೋಡಂಗಿಲ್ಲ, ರಸ್ತೇನೂ ನೋಡಂಗಿಲ್ಲ.”

ಅಪ್ಪನ ಮುಖದಿಂದ ಆ ಹಾರ್ನಿನ ಖುಷಿ ಇಳಿದುಹೋಯಿತು. ನನ್ನ ಕಡೆ ನೋಡಿದ.

ನಾನು ಫೋನ್ ತೆಗೆದೆ. ವಾಲ್ಯೂಮ್ ಪೂರ್ತಿ. ಧಡ್! ‘ಏ ಏನಾಗಲ್ಲ ಬಿಡ್ರಲೇ, ಅಪ್ಪನ ಗಾಡಿ!’

ಆಮೇಲೆ ಚಹಾದಂಗಡಿಯ ಕಡೆಯಿಂದ ಯಾರೋ, “ಇನ್ನೊಮ್ಮೆ ಹಚ್ಚವ್ವಾ, ಭಾಳ ಮಸ್ತ್ ಐತಿ!” ಎಂದರು. ಎಲ್ಲರೂ ನಕ್ಕರು. ಲಾರಿಯವನೊಬ್ಬ ಹೊಟ್ಟೆ ಹಿಡಿದುಕೊಂಡು, “ಅಪ್ಪನ ಗಾಡಿ, ಏನಾಗಲ್ಲ!” ಎಂದು ಕೂಗಿದ. ನಾನು ಇನ್ನೊಮ್ಮೆ ಹಚ್ಚಿದೆ.

ಸಾವ್ಕಾರರು ನಗಲಿಲ್ಲ, ಬೈಯಲೂ ಇಲ್ಲ. ಲೋಟ ಕೆಳಗಿಟ್ಟು, “ಆತು. ಹೊಸಾದು ಹಾಕ್ಸು ಗಾದಿಲಿಂಗಪ್ಪ,” ಎಂದು ಎದ್ದು ಹೋದರು.

ಅಪ್ಪ ಚಹಾದಂಗಡಿಯವರಿಗೆಲ್ಲ, “ನನ್ನ ಮಗಳು. ಮೆಕ್ಯಾನಿಕಲ್,” ಎಂದು ಹೇಳಿದ. ಕೇಳದವರಿಗೂ ಹೇಳಿದ.

ಫೆಬ್ರವರಿ ೧೨, ಬುಧವಾರ

ಬೇಗ ಎದ್ದೆ. ಸಂತೋಷವಾಗಿದ್ದೇನೆ. ಈ ಸಲ ನಿಜ.

ಫೆಬ್ರವರಿ ೧೫, ಶನಿವಾರ

ಸ್ಟಾಪಿನ ಹತ್ತಿರ ಸೊಪ್ಪು ತರಲು ಹೋಗಿದ್ದಾಗ ನಮ್ಮ ಜೀಪು ದಾಟಿಹೋಯಿತು. ಓಡಿಸುತ್ತಿದ್ದವನು ಅಪ್ಪನಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಸ್ಪೀಕರ್ ಹಾಕಿ ಸಾವ್ಕಾರರಿಗೆ ಫೋನ್ ಮಾಡಿದ.

“ಗಾಡಿ ರೆಡಿ ಆಗೇತಂತಲ್ರಿ ಸಾವ್ಕಾರ್ರ…”

“ಆಗೇತಪ್ಪ ಉಚ್ಚೆಂಗಪ್ಪ. ನಿನ್ನ ಮಗಳ ಪುಣ್ಯ. ಭಾಳ ಶಾಣ್ಯಾಕಿ ಅದಾಳ, ಚಲೋ ಓದ್ಸು. ಇನ್ನ ನಿನಗ್ಯಾಕಪ್ಪ ನಮ್ಮಂಥ ಸಣ್ಣ ಮಂದಿ ಗಾಡಿ? ಆರಾಮ ಇರು.”

“ಸಾವ್ಕಾರ್ರ, ಪಾಸಿಂದು…”

“ನಾಳೆ ಮರಿಸ್ವಾಮಿ ಬರ್ತಾನ, ಈಗ ಅವನ ಓಡಸ್ತಾನ. ಅವನ ಕೈಯಾಗ ಪಾಸು ಕೊಟ್ಟುಬಿಡು. ಮನ್ಯಾಗ ಎಲ್ಲಾರೂ ಆರಾಮಲ್ಲ?”

ಒಂದಾದರೂ ಕೆಟ್ಟ ಮಾತು ಸಿಕ್ಕಿದ್ದರೆ ಸಿಟ್ಟಾಗಬಹುದಿತ್ತು. ಸಿಗಲಿಲ್ಲ.

ಫೆಬ್ರವರಿ ೧೬, ಭಾನುವಾರ

ಮರಿಸ್ವಾಮಿ ಬಂದು ಪಾಸು ಒಯ್ದ. ಪಾಪದವನು. ಮುಖ ನೋಡದೆ ಈಸಿಕೊಂಡ.

ಅವ್ವ ನಿನ್ನೆಯಿಂದ ಮಾತಾಡಿರಲಿಲ್ಲ. ಇವತ್ತು ಕಟ್ಟೆ ಒಡೆಯಿತು.

“ಈ ಸೀಮ್ಯಾಗ ಆಫೀಸಿನ ಕಂಪ್ಯೂಟರ್ ಕೆಟ್ರ ಧೂಳು. ಮಾಸ್ತರ ಶಾಲಿಗೆ ಬರದಿದ್ರ ಧೂಳಿನ ಕೆಮ್ಮು. ಲಾರಿಗೆ ಲಾರಿ ಗುದ್ದಿದ್ರ, ಧೂಳಿನ್ಯಾಗ ಕಾಣಲಿಲ್ಲ. ಎಲ್ಲಾರಿಗೂ ಗೊತ್ತಿರತೈತಿ. ಯಾರರ ಬಿಚ್ಚಿ ನೋಡ್ಯಾರೇನು? ಧೂಳಂತಾರ, ಮಾರಿ ತೊಳಕೋತಾರ, ಮರುದಿನ ಕೆಲಸಕ್ಕ ಹೋಗ್ತಾರ. ಬಡವರಿಗೆ ಅದೊಂದ ಇತ್ತು. ಅದನ್ನೂ ಝಾಡಿಸಿ ಬಂದ್ರಿ ಇಬ್ರೂ.”

“ಸುಳ್ಳು ಹೇಳಬೇಕಿತ್ತಾ ಅವ್ವ?”

“ಧೂಳು ಸುಳ್ಳೇನು? ಹೊರಗ ಹೋಗಿ ನೋಡು.”

ಹೊರಗೆ ಹೋಗಿ ನೋಡಲಿಲ್ಲ. ನಾನು ಹೇಳಿದ್ದು ಸರಿಯಾಗಿತ್ತು. ಮೂರು ಸಲ ಮನಸ್ಸಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದೆ. ಎಲ್ಲೂ ತಪ್ಪಿಲ್ಲ.

ಫೆಬ್ರವರಿ ೧೯, ಬುಧವಾರ

ಅಪ್ಪ ಸಂಡೂರಿಗೆ ಹೋಗಿ ನಾಲ್ಕಾರು ಗಾಡಿ ಮಾಲೀಕರನ್ನು ಕಂಡುಬಂದ. ಎಲ್ಲರೂ ಚಹಾ ಕುಡಿಸಿದರಂತೆ. ಒಬ್ಬರು, “ನಮ್ಮ ಹುಡುಗ್ರೂ ರೀಲ್ ಮಾಡ್ತಾವಪ್ಪ, ನಿನ್ನ ಇಟ್ಕೊಳ್ಳಾಕ ಅಂಜಿಕಿ,” ಎಂದು ನಕ್ಕರಂತೆ.

“ನೀ ಸರಿ ಇದ್ದಿ,” ಎಂದ ಅಪ್ಪ, ಊಟಕ್ಕೆ ಕೂತಾಗ. “ನಾನೂ ಸರಿ ಇದ್ದೆ. ಯಾರಿಗೆ ಬೇಕಾಗಿತ್ತು?”

ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ.

ಫೆಬ್ರವರಿ ೨೧, ಶುಕ್ರವಾರ

ನಾನೇ ಗ್ಯಾರೇಜಿಗೆ ಹೋದೆ. ಗಾದಿಲಿಂಗಪ್ಪ ಈ ಸಲ ಇಂಜಿನಿಯರಮ್ಮ ಎನ್ನಲಿಲ್ಲ. ಅವನಿಗೂ ಬಿದ್ದಿದೆ ಏಟು. ಲಾರಿಯವರು ಬಂದು, ‘ಧೂಳಲ್ಲ ತಾನೆ ಗಾದಿಲಿಂಗಪ್ಪ?’ ಎಂದು ಕೆಣಕುತ್ತಾರಂತೆ.

“ಸಾವ್ಕಾರ್ಗೆ ನಿಮ್ಮಪ್ಪನ ಮ್ಯಾಲ ಸಿಟ್ಟಿಲ್ಲ,” ಎಂದ. “ಆದ್ರ ಮಂದಿ ಮುಂದ ಹೋದ ಮಾನ ಮಂದಿ ಮುಂದನ ವಾಪಸ್ ಬರಬೇಕು. ಧೂಳಿಂದನ ಆಗಿದ್ದು ಅಂತ ನೀ ಒಂದು ಬರದು ಅವರಿಗೆ ವಾಟ್ಸಾಪ್ ಮಾಡು. ನನಗೂ ಕಳಸು, ನಾ ಇಲ್ಲಿ ಓದಿ ಹೇಳ್ತೀನಿ. ಬುಕ್ಕಿನ ಭಾಷ್ಯಾಗ ಬರಿ. ನಿನ್ನ ಮಾತಿಗೆ ಮಂದಿ ನಂಬ್ಯಾರಲ್ಲ, ನಿನ್ನ ಮಾತಿಗೇ ಬಿಡ್ತಾರ.”

ಫೆಬ್ರವರಿ ೨೩, ಭಾನುವಾರ

ನಾಳೆ ಹಾಸ್ಟೆಲಿಗೆ. ಬೆಳಿಗ್ಗೆಯೇ ಕೂತು ಬರೆದೆ, ಎರಡು ಸಲ ತಿದ್ದಿದೆ. ಪಾಯಿಂಟುಗಳು ಒಂದರ ಹಿಂದೆ ಒಂದು ಚೆನ್ನಾಗಿ ಕೂತಿವೆ. ಅಪ್ಪನಿಗೆ ಓದಿ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಪ್ಪ, “ಇನ್ನೊಂದು ಸೇರ್ಸು,” ಎಂದ. “ನಾ ಫಿಲ್ಟರ್ ಊದ್ತಿರಲಿಲ್ಲ ಅಂತ.”

“ಅಪ್ಪಾ, ಅದು ಬೇಡ.”

“ಸೇರ್ಸು. ಅದಿಲ್ಲದಿದ್ರ ನಂಬಂಗಿಲ್ಲ.”

ಸೇರಿಸಿದೆ. ಕಳಿಸಿದ್ದನ್ನು ಇಲ್ಲಿ ನಕಲು ಮಾಡಿಡುತ್ತೇನೆ.

‘ಮಾನ್ಯ ತೋಟಪ್ಪ ಸಾವ್ಕಾರರಿಗೆ ಉಚ್ಚೆಂಗಪ್ಪನ ಮಗಳು ಪಂಪಾವತಿಯ ನಮಸ್ಕಾರಗಳು. ಹನ್ನೊಂದನೇ ತಾರೀಖು ಗ್ಯಾರೇಜಿನಲ್ಲಿ ನಾನು ಹೇಳಿದ್ದು ತಪ್ಪು. ಮೊದಲ ವರ್ಷದ ವಿದ್ಯಾರ್ಥಿನಿಯಾದ ನಾನು ಪೂರ್ತಿ ತಿಳಿಯದೆ ಮಾತಾಡಿದೆ. ನಮ್ಮ ಪ್ರೊಫೆಸರರನ್ನು ವಿಚಾರಿಸಿದ್ದೇನೆ. ಅದಿರಿನ ಧೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಎಂಜಿನ್ನಿನ ಬಿಸಿಗೆ ಗಟ್ಟಿಯಾಗಿ ಪಿಂಗಾಣಿಯ ತೂತುಗಳಲ್ಲಿ ಕೂತು, ಅದನ್ನು ಒಳಗಿನಿಂದಲೇ ಸೀಳುತ್ತದೆ. ಹೊರಗಿನ ಪೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ನಾನು ತೋರಿಸಿದ ವಿಡಿಯೋದಲ್ಲಿರುವುದು ಬೇರೆಯವರ ಜೀಪು. ಗಾದಿಲಿಂಗಪ್ಪನವರು ಮೊದಲೇ ಸರಿಯಾಗಿ ಹೇಳಿದ್ದರು. ನಮ್ಮ ತಂದೆಯವರು ಫಿಲ್ಟರನ್ನು ದಿನಾ ಊದುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಇನ್ನು ಮುಂದೆ ತಪ್ಪಿಸುವುದಿಲ್ಲ. ಇದು ಧೂಳಿನಿಂದ ಆದದ್ದು, ಯಾರ ತಪ್ಪೂ ಅಲ್ಲ. ಈ ಮಾತನ್ನು ಎಲ್ಲರೆದುರು ಹೇಳಲು ನಾನು ಸಿದ್ಧ. ಗೇಟ್ ಪಾಸಿನ ಅವಧಿ ಶುಕ್ರವಾರಕ್ಕೆ ಮುಗಿಯುತ್ತದೆ. ದಯವಿಟ್ಟು ಬೇಗ ಉತ್ತರ ಕೊಡಿ.’